ಸರ್ಕಾರವನ್ನು ಬೈದರೆ ದೇಶದ್ರೋಹವಾ?

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದ್ದು. ಯಾರು ದೇಶದ್ರೋಹಿ, ಯಾರಲ್ಲ, ಕಾನೂನು ಏನು ಹೇಳುತ್ತದೆ ಅಂತ. ಖಾತೆ ಬದಲಾವಣೆ, ಜೀವನಾಂಶ, ಚೆಕ್ ಬೌನ್ಸ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಈ ಸಲ ಪೂರ್ತಿ ಜಾಗ ಇದಕ್ಕೇ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ. ಊರು ಮಾತ್ರ ಇದೆ.

ಸಂಜೆ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ಮಾತಾಡುತ್ತಾ ನಾನು ಸರ್ಕಾರದ ತೆರಿಗೆಯನ್ನು ಜೋರಾಗಿ ಬೈದೆ. ಪಕ್ಕದಲ್ಲಿದ್ದವರು ‘ನೀನು ದೇಶದ್ರೋಹಿ, ನಿನ್ನ ಮೇಲೆ ಕೇಸ್ ಹಾಕಿಸ್ತೀನಿ’ ಅಂದರು. ಹಾಕಿಸಬಹುದಾ? (ಕಿರಾಣಿ ವ್ಯಾಪಾರಿ, ದಾವಣಗೆರೆ)

ತೆರಿಗೆ ಸರಿಯಿಲ್ಲ ಎನ್ನುವುದು ಅಪರಾಧ ಅಲ್ಲ. ಜೋರಾಗಿ ಹೇಳಿದರೂ ಅಲ್ಲ, ಹತ್ತು ಜನರ ಮುಂದೆ ಹೇಳಿದರೂ ಅಲ್ಲ. ನೀವು ಬೈದದ್ದು ಕೇಂದ್ರವನ್ನೋ ರಾಜ್ಯವನ್ನೋ ಎಂಬುದೂ ಲೆಕ್ಕಕ್ಕೆ ಬರುವುದಿಲ್ಲ. ಸಂವಿಧಾನದ 19ನೇ ವಿಧಿ ನಿಮಗೆ ಮಾತಾಡುವ ಹಕ್ಕು ಕೊಟ್ಟಿದೆ. ಆ ಹಕ್ಕು ಬೇಕಾಗುವುದೇ ಅಧಿಕಾರದಲ್ಲಿ ಇರುವವರಿಗೆ ಹಿಡಿಸದ ಮಾತಿಗೆ. ಅವರನ್ನು ಹೊಗಳುವ ಮಾತಿಗೆ ರಕ್ಷಣೆ ಯಾಕೆ ಬೇಕು ಹೇಳಿ?

ಇನ್ನು ಕಾನೂನು. 2024ರ ಜುಲೈ 1ರಿಂದ ಹಳೆಯ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ದೇಶದ್ರೋಹ ಎಂಬ ತಲೆಬರಹದ ಸೆಕ್ಷನ್ ಹುಡುಕಿದರೆ ಸಿಗುವುದಿಲ್ಲ. ಬೇರೆ ದೇಶಗಳಲ್ಲಿ ಟ್ರೀಸನ್ ಎಂದು ಕರೆಯುವುದಕ್ಕೆ ನಮ್ಮಲ್ಲಿ ತೀರಾ ಹತ್ತಿರ ಇರುವುದು ಸೆಕ್ಷನ್ 147. ಭಾರತ ಸರ್ಕಾರದ ವಿರುದ್ಧ ಯುದ್ಧ ಹೂಡುವುದು, ಹೂಡಲು ಯತ್ನಿಸುವುದು, ಅದಕ್ಕೆ ಕುಮ್ಮಕ್ಕು ಕೊಡುವುದು. ಶಿಕ್ಷೆ ಮರಣದಂಡನೆ ಅಥವಾ ಜೀವಾವಧಿ. ಹಳೆಯ ಐಪಿಸಿಯಲ್ಲಿ ಇದೇ 121 ಆಗಿತ್ತು. ಮುಂಬೈ ದಾಳಿಯಲ್ಲಿ ಸಿಕ್ಕಿಬಿದ್ದ ಅಜ್ಮಲ್ ಕಸಬ್‌ಗೆ ಕೊಲೆಯ ಜೊತೆ ಈ ಸೆಕ್ಷನ್ ಅಡಿಯಲ್ಲೂ ಶಿಕ್ಷೆ ಆಯಿತು, 2012ರ ನವೆಂಬರ್ 21ರಂದು ಗಲ್ಲಿಗೇರಿಸಿದರು. ಅವನು ನಮ್ಮ ಪ್ರಜೆಯೇ ಅಲ್ಲ, ಆದರೂ ಈ ಸೆಕ್ಷನ್ ಅವನಿಗೆ ಹತ್ತಿತು. ಅಂದರೆ ಇಲ್ಲಿ ಕಾನೂನು ನೋಡುವುದು ಮಾಡಿದ ಕೆಲಸವನ್ನು. ಮನಸ್ಸಿನಲ್ಲಿ ದೇಶದ ಮೇಲೆ ಎಷ್ಟು ಪ್ರೀತಿ ಇದೆ ಎಂದು ಅಳೆಯುವುದಿಲ್ಲ.

ಬೇಹುಗಾರಿಕೆಗೆ ಬೇರೆ ಕಾನೂನು ಇದೆ, 1923ರ ಅಧಿಕೃತ ರಹಸ್ಯಗಳ ಕಾಯ್ದೆ. ಇಸ್ಲಾಮಾಬಾದಿನ ನಮ್ಮ ರಾಯಭಾರ ಕಚೇರಿಯಲ್ಲಿದ್ದ ಅಧಿಕಾರಿಯೊಬ್ಬರನ್ನು ಪಾಕಿಸ್ತಾನಕ್ಕೆ ಮಾಹಿತಿ ಕೊಟ್ಟ ಆರೋಪದ ಮೇಲೆ 2010ರಲ್ಲಿ ಹಿಡಿದರು. 2018ರಲ್ಲಿ ದೆಹಲಿಯ ಕೋರ್ಟ್ ಈ ಕಾಯ್ದೆಯಡಿ ಮೂರು ವರ್ಷ ಶಿಕ್ಷೆ ಕೊಟ್ಟಿತು. ಜನ ಯಾವುದನ್ನು ನಿಜವಾದ ದ್ರೋಹ ಅನ್ನುತ್ತಾರೋ ಅದಕ್ಕೆ ಮೂರು ವರ್ಷ. ಮಿರ್ಚಿ ಅಂಗಡಿ ಮುಂದೆ ತೆರಿಗೆ ಬೈದದ್ದಕ್ಕೆ ನಿಮ್ಮ ಪಕ್ಕದವರು ಜೈಲು ತೋರಿಸುತ್ತಿದ್ದಾರೆ. ಹೆದರಬೇಡಿ. ಅವರು ಠಾಣೆಗೆ ಹೋಗಿ ದೂರು ಕೊಡುವುದನ್ನು ಯಾರೂ ತಡೆಯಲು ಆಗುವುದಿಲ್ಲ, ಆದರೆ ನೀವು ಬರೆದಿರುವ ಮಾತುಗಳಲ್ಲಿ ಯಾವ ಅಪರಾಧವೂ ನನಗೆ ಕಾಣಲಿಲ್ಲ.

124ಎ ತೆಗೆದರು ಅಂತ ಓದಿದೆ. ಬೇರೆ ನಂಬರಿನಲ್ಲಿ ವಾಪಸ್ ಬಂದಿದೆ ಅಂತಲೂ ಓದಿದೆ. ಯಾವುದು ನಿಜ? (ನಿವೃತ್ತ ಶಿಕ್ಷಕರು, ಚಿತ್ರದುರ್ಗ)

ಎರಡರಲ್ಲೂ ನಿಜ ಇದೆ ಮೇಷ್ಟ್ರೇ. ಸ್ವಲ್ಪ ಹಿಂದಿನಿಂದ ಹೇಳಬೇಕು.

ಐಪಿಸಿ ಆದದ್ದು 1860ರಲ್ಲಿ. ರಾಜದ್ರೋಹದ 124ಎ ಅದರೊಳಗೆ ಸೇರಿದ್ದು 1870ರಲ್ಲಿ. ಸರ್ಕಾರದ ಬಗ್ಗೆ ದ್ವೇಷ, ತಿರಸ್ಕಾರ, ಅಪ್ರೀತಿ ಹುಟ್ಟಿಸಿದರೆ ಅಪರಾಧ ಎಂದು ಅದರ ಮಾತು. ತಿಲಕರಿಗೆ 1897ರಲ್ಲಿ ಇದರಡಿ ಹದಿನೆಂಟು ತಿಂಗಳು ಜೈಲಾಯಿತು. 1908ರಲ್ಲಿ ‘ಕೇಸರಿ’ ಪತ್ರಿಕೆಯ ಬರಹಗಳಿಗಾಗಿ ಮತ್ತೆ ಆರು ವರ್ಷ, ಬರ್ಮಾದ ಮಂಡಾಲೆ ಜೈಲಿಗೆ ಕಳಿಸಿದರು. 1897ರಲ್ಲಿ ತಿಲಕರ ಪರ ನಿಂತು ಜಾಮೀನು ಕೊಡಿಸಿದ ವಕೀಲ ದಾವರ್ ಅವರೇ 1908ರಲ್ಲಿ ನ್ಯಾಯಾಧೀಶರಾಗಿ ಆ ಶಿಕ್ಷೆ ಕೊಟ್ಟರು. 1922ರಲ್ಲಿ ಗಾಂಧೀಜಿ ಅಹಮದಾಬಾದ್ ಕೋರ್ಟಿನಲ್ಲಿ ಆರೋಪ ಒಪ್ಪಿಕೊಂಡು, ಪ್ರೀತಿಯನ್ನು ಕಾನೂನಿನಿಂದ ಹುಟ್ಟಿಸಲು ಆಗುವುದಿಲ್ಲ ಎಂದು ಹೇಳಿ ಆರು ವರ್ಷದ ಶಿಕ್ಷೆ ತೆಗೆದುಕೊಂಡರು.

ಸ್ವಾತಂತ್ರ್ಯ ಬಂದ ಮೇಲೆ ಇದು ಹೋಗಬೇಕಿತ್ತು. ಸಂವಿಧಾನ ಸಭೆಯಲ್ಲಿ ಮಾತಿನ ಹಕ್ಕಿಗೆ ಇದ್ದ ಮಿತಿಗಳ ಪಟ್ಟಿಯಿಂದ ರಾಜದ್ರೋಹವನ್ನು ತೆಗೆಸಲು ಕೆ.ಎಂ. ಮುನ್ಶಿ 1948ರಲ್ಲಿ ವಾದಿಸಿದರು. ಅದು ಹೋಯಿತು, 19ನೇ ವಿಧಿಯಲ್ಲಿ ಆ ಪದ ಇಲ್ಲ. ಆದರೆ ಐಪಿಸಿಯಲ್ಲಿ ಮಾತ್ರ ಹಾಗೇ ಉಳಿಯಿತು. 1962ರಲ್ಲಿ ಕೇದಾರನಾಥ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಸೆಕ್ಷನ್ ಉಳಿಸಿತು, ಆದರೆ ಕೈಕಾಲು ಕಟ್ಟಿತು. ಹಿಂಸೆಗೆ ಎಬ್ಬಿಸುವ ಅಥವಾ ಸಾರ್ವಜನಿಕ ಶಾಂತಿ ಕೆಡಿಸುವ ಮಾತಿಗೆ ಮಾತ್ರ ಇದು ಹತ್ತುತ್ತದೆ, ಸರ್ಕಾರವನ್ನು ಎಷ್ಟೇ ಕಟುವಾಗಿ ಟೀಕಿಸಿದರೂ ಹತ್ತುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು.

ಆ ತೀರ್ಪನ್ನು ಠಾಣೆಗಳಲ್ಲಿ ಓದಿದ್ದರೆ ನಾನು ಇಷ್ಟು ಉದ್ದ ಬರೆಯಬೇಕಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಈ ಸೆಕ್ಷನ್ ಅಡಿ ವಾರಂಟ್ ಇಲ್ಲದೆ ಬಂಧಿಸುವಂತಿರಲಿಲ್ಲ. 1973ರ ಹೊಸ ಸಿಆರ್‌ಪಿಸಿಯಲ್ಲಿ (ಅಪರಾಧ ಪ್ರಕ್ರಿಯಾ ಸಂಹಿತೆ) ಆ ತಡೆಯನ್ನು ತೆಗೆದವರು ನಾವು. ಆಮೇಲೆ ಯಾವ ಪಕ್ಷ ಬಂದರೂ ಇದನ್ನು ಬಳಸಿತು. ನಮ್ಮ ರಾಜ್ಯದ್ದೇ ನೋಡಿ. 2016ರಲ್ಲಿ ಪೊಲೀಸರು ಸಂಬಳ, ರಜೆ ಕೇಳಿ ಸಾಮೂಹಿಕ ರಜೆಗೆ ಹೊರಟಾಗ ಅವರ ಮುಂದಾಳನ್ನು ರಾಜದ್ರೋಹದ ಆರೋಪದಲ್ಲಿ ಬಂಧಿಸಿದರು. 2020ರಲ್ಲಿ ಬೀದರಿನ ಶಾಲೆಯೊಂದರಲ್ಲಿ ಮಕ್ಕಳು ಪೌರತ್ವ ಕಾಯ್ದೆ ಬಗ್ಗೆ ನಾಟಕ ಆಡಿದ್ದಕ್ಕೆ ಮುಖ್ಯ ಶಿಕ್ಷಕಿ ಮತ್ತು ಒಬ್ಬ ಮಗುವಿನ ತಾಯಿ ಜೈಲಿಗೆ ಹೋದರು. ಒಂದು ಸಲ ಒಂದು ಪಕ್ಷದ ಸರ್ಕಾರ, ಇನ್ನೊಂದು ಸಲ ಇನ್ನೊಂದು ಪಕ್ಷದ್ದು. ಬೀದರಿನ ಕೇಸನ್ನು 2023ರಲ್ಲಿ ನಮ್ಮ ಹೈಕೋರ್ಟ್ ರದ್ದು ಮಾಡಿತು. ನಾಟಕದಲ್ಲಿ ಪ್ರಧಾನಿಯ ಬಗ್ಗೆ ಆಡಿದ ಮಾತು ಅವಮಾನಕರ, ಬೇಜವಾಬ್ದಾರಿಯದು, ಆದರೆ ರಾಜದ್ರೋಹ ಅಲ್ಲ ಎಂದಿತು. ಇಷ್ಟು ಹೇಳಿಸಿಕೊಳ್ಳಲು ಮೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ದೇಶದ ಲೆಕ್ಕ ನೋಡಿದರೆ 2015ರಿಂದ 2020ರವರೆಗೆ ದಾಖಲಾದ ರಾಜದ್ರೋಹ ಪ್ರಕರಣ 356, ಶಿಕ್ಷೆ ಆದವರು 12 ಜನ. ಈ ಕೇಸುಗಳಲ್ಲಿ ತೀರ್ಪಿಗಿಂತ ಮೊದಲೇ ಜನ ಶಿಕ್ಷೆ ಅನುಭವಿಸಿಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ.

2022ರ ಮೇ 11ರಂದು ಸುಪ್ರೀಂ ಕೋರ್ಟ್ 124ಎಯನ್ನು ತಡೆಹಿಡಿಯಿತು. ಅರ್ಜಿ ಹಾಕಿದವರಲ್ಲಿ ಒಬ್ಬರು ಮೈಸೂರಿನ ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ. ಸೈನ್ಯದಲ್ಲಿ ದೇಶಕ್ಕಾಗಿ ದುಡಿದ ಮನುಷ್ಯ ಈ ಸೆಕ್ಷನ್ ಬೇಡ ಅಂತ ಕೋರ್ಟಿಗೆ ಹೋದರು ಎಂಬುದನ್ನು ನೆನಪಿಡಿ.

ಐಪಿಸಿಯ ಜೊತೆ 124ಎ ಹೋಯಿತು. ಅದರ ಜಾಗಕ್ಕೆ ಬಂದದ್ದು ಹೊಸ ಸಂಹಿತೆಯ 152. ಇದರಲ್ಲಿ ‘ಸರ್ಕಾರದ ಬಗ್ಗೆ ಅಪ್ರೀತಿ’ ಎಂಬ ಮಾತು ಹೋಗಿದೆ, ಅದು ಒಳ್ಳೆಯದು. ಅದರ ಬದಲು ಪ್ರತ್ಯೇಕತೆ, ಸಶಸ್ತ್ರ ಬಂಡಾಯ, ವಿಧ್ವಂಸಕ ಚಟುವಟಿಕೆಗೆ ಎಬ್ಬಿಸುವುದು, ಪ್ರತ್ಯೇಕತಾ ಭಾವನೆಗೆ ಉತ್ತೇಜನ ಕೊಡುವುದು, ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಗೆ ಅಪಾಯ ತರುವುದು ಅಪರಾಧ. ಬೇಕೆಂದೇ ಅಥವಾ ತಿಳಿದೂ ತಿಳಿದೂ ಮಾಡಿರಬೇಕು ಎಂದು ಸೇರಿಸಿದ್ದಾರೆ. ಆದರೆ ‘ವಿಧ್ವಂಸಕ ಚಟುವಟಿಕೆ’ ಎಂದರೆ ಯಾವುದು ಎಂದು ಎಲ್ಲೂ ಬಿಡಿಸಿ ಹೇಳಿಲ್ಲ. ಶಿಕ್ಷೆಯೂ ಏರಿದೆ. ಮೊದಲು ಜೀವಾವಧಿ ಅಥವಾ ಮೂರು ವರ್ಷದವರೆಗೆ, ಅಥವಾ ಬರೀ ದಂಡ. ಈಗ ಜೀವಾವಧಿ ಅಥವಾ ಏಳು ವರ್ಷದವರೆಗೆ, ಜೊತೆಗೆ ದಂಡ. ಮೊದಲಿನ ಹಾಗೆ ದಂಡ ಕಟ್ಟಿ ಮುಗಿಸುವ ದಾರಿ ಇಲ್ಲ. ಒಂಬತ್ಕೆರೆಯವರು ಇದನ್ನೂ ಪ್ರಶ್ನಿಸಿದ್ದಾರೆ, 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ನೋಟಿಸ್ ಕೊಟ್ಟಿದೆ. ದೇಶ ಒಡೆಯಲು ಬಂದೂಕು ಎತ್ತುವವರ ಮೇಲೆ ಕಾನೂನು ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗೆರೆ ಎಲ್ಲಿದೆ ಎಂದು ಜನರಿಗೆ ಓದಿದ ಕೂಡಲೇ ಗೊತ್ತಾಗಬೇಕು. 152 ಓದಿದರೆ ಹಾಗೆ ಗೊತ್ತಾಗುವುದಿಲ್ಲ.

ಈಸೂರಿನವರು ಆಗ ದ್ರೋಹಿಗಳು, ಈಗ ಹುತಾತ್ಮರು. ಹಾಗಾದರೆ ಗೆದ್ದವರು ಹೇಳಿದ್ದೇ ದ್ರೋಹ ಅಂತಾಗಲಿಲ್ಲವಾ? (ಪದವಿ ವಿದ್ಯಾರ್ಥಿ, ಹೊನ್ನಾಳಿ)

ತಮ್ಮಾ, ಬಂದ ಪತ್ರಗಳಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ನಿನ್ನದು. ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ.

ಒಪ್ಪುವ ಭಾಗ ಮೊದಲು. 1942ರಲ್ಲಿ ಈಸೂರಿನ ಜನ ತಮ್ಮ ಊರು ಸ್ವತಂತ್ರ ಎಂದು ಸಾರಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ನಿನ್ನ ತಾಲ್ಲೂಕಿನ ಮಕ್ಕಳಿಗೂ ಬಾಯಿಪಾಠ ಇರುತ್ತದೆ. ಅಲ್ಲಿ ನಡೆದ ಗಲಾಟೆಯಲ್ಲಿ ಅಮಲ್ದಾರರು ಮತ್ತು ಸಬ್ ಇನ್ಸ್‌ಪೆಕ್ಟರ್ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐದು ಜನರನ್ನು ಗಲ್ಲಿಗೇರಿಸಿದರು. ನಮ್ಮ ದಾವಣಗೆರೆಯಲ್ಲೂ ಅದೇ 1942ರ ಚಳವಳಿಯಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ಅದಕ್ಕೂ ಮೊದಲು 1939ರಲ್ಲಿ ಚಿತ್ರದುರ್ಗದ ಹತ್ತಿರ ತುರುವನೂರಿನಲ್ಲಿ ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದರು. ಆಗಿನ ಸರ್ಕಾರದ ಕಾಗದದಲ್ಲಿ ಇವರೆಲ್ಲ ಅಪರಾಧಿಗಳು. 1945ರ ನವೆಂಬರ್‌ನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಶಾ ನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರ ವಿಚಾರಣೆ ನಡೆಯಿತು. ಆರೋಪ, ಬ್ರಿಟಿಷ್ ದೊರೆಯ ವಿರುದ್ಧ ಯುದ್ಧ. ಗುಲಾಮರ ದೇಶಕ್ಕೆ ತನ್ನ ಬಿಡುಗಡೆಗಾಗಿ ಯುದ್ಧ ಮಾಡುವ ಹಕ್ಕಿದೆ ಎಂದು ಭೂಲಾಭಾಯಿ ದೇಸಾಯಿ ವಾದಿಸಿದರು. ಕೋರ್ಟ್ ಒಪ್ಪಲಿಲ್ಲ, ಜೀವಾವಧಿ ಗಡಿಪಾರು ಎಂದಿತು. ಆದರೆ ಬೀದಿಯಲ್ಲಿ ಜನ ಎದ್ದಿದ್ದರು. 1946ರ ಜನವರಿಯಲ್ಲಿ ಸೇನಾ ಮುಖ್ಯಸ್ಥರೇ ಆ ಶಿಕ್ಷೆ ಬಿಟ್ಟುಬಿಡಬೇಕಾಯಿತು.

ಒಪ್ಪದ ಭಾಗ ಈಗ. ಅಂದಿನ ಜನರಿಗೆ ಸರ್ಕಾರ ಬದಲಿಸುವ ದಾರಿ ಇರಲಿಲ್ಲ. ಬೇಡ ಅನ್ನಲು ವೋಟು ಇರಲಿಲ್ಲ. ಇಂದು ಇದೆ. ಹಾಗಾಗಿ ಇಂದು ಒಬ್ಬ ಬಂದೂಕು ಹಿಡಿದು ‘ನಾನೂ ಈಸೂರಿನವರ ಹಾಗೆ’ ಎಂದರೆ ನಾನು ಒಪ್ಪುವುದಿಲ್ಲ. ಈಸೂರಿನಲ್ಲಿ ಸತ್ತ ಆ ಇಬ್ಬರು ಅಧಿಕಾರಿಗಳೂ ನಮ್ಮ ಕಡೆಯವರೇ, ಕನ್ನಡದವರೇ, ಅವರಿಗೂ ಮನೆ ಇತ್ತು. ಅದನ್ನು ಮರೆತು ಆ ಕಥೆ ಹೇಳಬಾರದು.

ಆದರೆ ಇದೇ ಮಾತಿಗೆ ಇನ್ನೊಂದು ತುದಿ ಇದೆ. ವೋಟಿನಿಂದ ಸರ್ಕಾರ ಬದಲಿಸಬಹುದು ಎನ್ನುವುದು ನಿಜ ಆಗಬೇಕಾದರೆ, ಈ ಸರ್ಕಾರ ಕೆಟ್ಟದ್ದು, ಇದನ್ನು ಇಳಿಸಿ ಎಂದು ಊರೂರಿಗೆ ಹೋಗಿ ಹೇಳುವ ಸ್ವಾತಂತ್ರ್ಯ ಇರಬೇಕು. ಹಾಗೆ ಹೇಳಿದವನನ್ನೂ ದ್ರೋಹಿ ಎಂದು ಒಳಗೆ ಹಾಕಿದರೆ, ಬಂದೂಕು ಬೇಡ ವೋಟು ಇದೆಯಲ್ಲ ಎಂದು ನಿನ್ನಂಥ ಹುಡುಗರಿಗೆ ಹೇಳಲು ನನಗೆ ಯಾವ ಮುಖ ಇರುತ್ತದೆ? ಸರ್ಕಾರ ಬೇರೆ, ದೇಶ ಬೇರೆ. ಸರ್ಕಾರ ಐದು ವರ್ಷಕ್ಕೆ ಒಮ್ಮೆ ನಮ್ಮ ಮುಂದೆ ಕೈಮುಗಿದು ಬರಬೇಕು. ನಮ್ಮ ಮಂತ್ರಿಗಳು ಪ್ರಮಾಣವಚನ ತೆಗೆದುಕೊಳ್ಳುವಾಗ ಪ್ರಧಾನಿಗೋ ಪಕ್ಷಕ್ಕೋ ನಿಷ್ಠೆ ಅನ್ನುವುದಿಲ್ಲ. ಸಂವಿಧಾನಕ್ಕೆ ನಿಷ್ಠೆ ಎನ್ನುತ್ತಾರೆ. ಅವರ ನಿಷ್ಠೆಯೇ ಅದಕ್ಕಾದರೆ ನಮ್ಮಿಂದ ಬೇರೆ ನಿಷ್ಠೆ ಕೇಳುವ ಹಾಗಿಲ್ಲ.

ಭದ್ರಾ ನೀರಿನ ಹೋರಾಟದಲ್ಲಿ ಒಬ್ಬರು ‘ನಮಗೆ ನೀರು ಕೊಡದಿದ್ದರೆ ಮಧ್ಯ ಕರ್ನಾಟಕವನ್ನು ಬೇರೆ ರಾಜ್ಯ ಮಾಡಿ’ ಅಂದರು. ಇದು ಪ್ರತ್ಯೇಕತಾವಾದ ಅಲ್ವಾ? ಕೇಸ್ ಬೀಳುತ್ತದಾ? (ರೈತರು, ಹಿರಿಯೂರು)

ಇಲ್ಲ. ಬೇರೆ ರಾಜ್ಯ ಕೇಳುವುದು ಬೇರೆ ದೇಶ ಕೇಳಿದಂತಲ್ಲ. ಹೊಸ ರಾಜ್ಯ ಮಾಡುವ ಅಧಿಕಾರವನ್ನು ಸಂವಿಧಾನದ 3ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. 2014ರಲ್ಲಿ ತೆಲಂಗಾಣ ಆದದ್ದು ಹಾಗೇ. ಸಂವಿಧಾನವೇ ದಾರಿ ತೋರಿಸಿರುವ ಬೇಡಿಕೆ ಅಪರಾಧ ಆಗಲು ಸಾಧ್ಯವಿಲ್ಲ. ರಾಜ್ಯ ಒಡೆಯುವುದು ನನಗೆ ಇಷ್ಟ ಇಲ್ಲ, ಏಕೀಕರಣಕ್ಕೆ ನಮ್ಮ ಹಿರಿಯರು ಪಟ್ಟ ಪಾಡು ಗೊತ್ತಿದ್ದವರಿಗೆ ಆ ಮಾತು ನೋಯುತ್ತದೆ. ಅದು ವಾದ ಮಾಡಿ ಸೋಲಿಸಬೇಕಾದ ಮಾತು, ಪೊಲೀಸರನ್ನು ಕರೆಯುವ ಮಾತಲ್ಲ.

ಬೇರೆ ದೇಶದ ಬೇಡಿಕೆ ಬೇರೆ ವಿಚಾರ. ದ್ರಾವಿಡನಾಡು ಕೇಳುತ್ತಿದ್ದ ಡಿಎಂಕೆ 1963ರಲ್ಲಿ ಅದನ್ನು ಕೈಬಿಟ್ಟಿತು. ಅದೇ ವರ್ಷ 16ನೇ ತಿದ್ದುಪಡಿ ಬಂದು ದೇಶದ ಸಾರ್ವಭೌಮತೆ ಮತ್ತು ಅಖಂಡತೆ ಎಂಬುದು ಮಾತಿನ ಹಕ್ಕಿನ ಮಿತಿಗಳಲ್ಲಿ ಸೇರಿತು. ರಸ್ತೆ ತಡೆ ಮಾಡಿದರೆ ಅದಕ್ಕೆ ಇರುವ ಸಣ್ಣ ಸೆಕ್ಷನ್‌ಗಳು ಬೀಳಬಹುದು, ಅದು ನಿಮಗೆ ಹೊಸದೇನೂ ಅಲ್ಲ. 152 ಬೀಳುವ ಮಾತಲ್ಲ ಇದು.

ಲಂಚ ತಿನ್ನುವ ಅಧಿಕಾರಿ, ಕಳಪೆ ಬಿತ್ತನೆ ಬೀಜ ಮಾರುವವನು, ಇವರಲ್ಲವಾ ನಿಜವಾದ ದೇಶದ್ರೋಹಿಗಳು? (ಚಳ್ಳಕೆರೆ)

ಶೇಂಗಾ ಬಿತ್ತಿ ಕೈಸುಟ್ಟುಕೊಂಡವರ ಸಿಟ್ಟು ನನಗೆ ಅರ್ಥ ಆಗುತ್ತದೆ. ಆದರೆ ಲಂಚಕ್ಕೆ 1988ರ ಭ್ರಷ್ಟಾಚಾರ ತಡೆ ಕಾಯ್ದೆ ಇದೆ, ಲೋಕಾಯುಕ್ತ ಇದೆ. ಬೀಜಕ್ಕೆ 1966ರ ಬೀಜ ಕಾಯ್ದೆ ಇದೆ, ಗ್ರಾಹಕರ ಆಯೋಗ ಇದೆ. ಅಲ್ಲಿ ದೂರು ಕೊಡಿ, ಬೀಜದ ಚೀಲ, ಬಿಲ್ಲು ಎರಡನ್ನೂ ಬಿಸಾಡಬೇಡಿ. ದ್ರೋಹಿ ಎಂಬ ಪದವನ್ನು ನಮಗೆ ಸಿಟ್ಟು ಬಂದವರ ಮೇಲೆಲ್ಲ ಹಾಕುತ್ತಾ ಹೋದರೆ, ನಾಳೆ ನಮ್ಮ ಮೇಲೂ ಯಾರೋ ಹಾಕುತ್ತಾರೆ.

ದೇಶದ ವಿರುದ್ಧ ಕೂಗಿದವರ ಪರ ವಕಾಲತ್ತು ಹಾಕಬಾರದು ಅಂತ ಸ್ನೇಹಿತರು ಒತ್ತಾಯ ಮಾಡುತ್ತಿದ್ದಾರೆ. ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದ್ದೇನೆ. ಏನು ಮಾಡಲಿ? (ವಕೀಲೆ, ಚಿತ್ರದುರ್ಗ)

ಹಾಕಮ್ಮ. ಧೈರ್ಯವಾಗಿ ಹಾಕು.

ಸಂವಿಧಾನದ 22ನೇ ವಿಧಿ ಬಂಧಿತನಿಗೆ ತನಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಕೊಟ್ಟಿದೆ. ಆ ಹಕ್ಕು ಒಳ್ಳೆಯವರಿಗೆ ಮಾತ್ರ ಎಂದು ಬರೆದಿಲ್ಲ. ಇಂಥವರ ಪರ ಯಾರೂ ನಿಲ್ಲಬಾರದು ಎಂದು ವಕೀಲರ ಸಂಘಗಳು ಮಾಡುವ ನಿರ್ಣಯ ಕಾನೂನುಬಾಹಿರ, ಅದಕ್ಕೆ ಬೆಲೆಯೇ ಇಲ್ಲ ಎಂದು 2010ರಲ್ಲಿ ತಮಿಳುನಾಡಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2020ರಲ್ಲಿ ಹುಬ್ಬಳ್ಳಿಯಲ್ಲಿ ಕಾಶ್ಮೀರದ ಮೂವರು ವಿದ್ಯಾರ್ಥಿಗಳ ಮೇಲೆ ರಾಜದ್ರೋಹದ ಕೇಸ್ ಆದಾಗ ಅಲ್ಲಿನ ಸಂಘ ಅಂಥದೇ ನಿರ್ಣಯ ಮಾಡಿತ್ತು. ಹೈಕೋರ್ಟ್ ಕಟುವಾಗಿ ಹೇಳಿದ ಮೇಲೆ ಅದನ್ನು ಬದಲಿಸಬೇಕಾಯಿತು. ಕಸಬ್‌ಗೂ ವಕೀಲರಿದ್ದರು. ಸುಪ್ರೀಂ ಕೋರ್ಟಿನಲ್ಲಿ ರಾಜು ರಾಮಚಂದ್ರನ್ ಅವನ ಪರವಾಗಿ ವಾದಿಸಿದರು, ಕೋರ್ಟೇ ಅವರನ್ನು ನೇಮಿಸಿತ್ತು. ಅದರಿಂದ ಆ ತೀರ್ಪಿಗೆ ಜಗತ್ತಿನ ಮುಂದೆ ತೂಕ ಬಂತು.

ಆರೋಪ ಎಷ್ಟು ಭಯಂಕರವೋ ಅಷ್ಟು ಒಳ್ಳೆಯ ವಕೀಲರು ಬೇಕು. ಯಾಕೆಂದರೆ ಅಂಥ ಕೇಸಿನಲ್ಲಿ ಎಲ್ಲರೂ ಮೊದಲೇ ತೀರ್ಮಾನ ಮಾಡಿಕೊಂಡು ಕೂತಿರುತ್ತಾರೆ, ಪತ್ರಿಕೆಯವರು, ನೆರೆಯವರು, ಕೆಲವು ಸಲ ಆರೋಪಿಯ ಮನೆಯವರೂ. ಎದ್ದು ನಿಂತು ‘ಸಾಕ್ಷಿ ಎಲ್ಲಿದೆ’ ಎಂದು ಕೇಳುವವರು ಒಬ್ಬರಾದರೂ ಇರಬೇಕಲ್ಲ. ನಿನ್ನ ಸ್ನೇಹಿತರಿಗೆ ಸಿಟ್ಟು ಬಂದರೆ ಬರಲಿ.

ಕೇಸಿನ ಕಾಗದ ನೋಡುವಾಗ ಒಂದು ವಿಷಯ ಮರೆಯಬೇಡ. ಸಂಹಿತೆಯ ಈ ಏಳನೇ ಅಧ್ಯಾಯದ ಅಪರಾಧಗಳಲ್ಲಿ ಕೇಂದ್ರ ಅಥವಾ ರಾಜ್ಯ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೋರ್ಟ್ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಸಿಆರ್‌ಪಿಸಿ ಬದಲು ಬಂದ ನಾಗರಿಕ ಸುರಕ್ಷಾ ಸಂಹಿತೆಯ 217 ನೋಡು. ಎಫ್‌ಐಆರ್ ಹಾಕುವಾಗ ಇರುವ ಉತ್ಸಾಹ ಅನುಮತಿ ಪಡೆಯುವಾಗ ಎಷ್ಟೋ ಸಲ ಇರುವುದಿಲ್ಲ.

ವೋಟು ಹಾಕಿ ಗೆಲ್ಲಿಸಿದ ಶಾಸಕ ಇನ್ನೊಂದು ಪಕ್ಷಕ್ಕೆ ಹಾರಿದರೆ ಅದು ದ್ರೋಹ ಅಲ್ವಾ? ಶಿಕ್ಷೆ ಯಾಕಿಲ್ಲ? (ಜಗಳೂರು)

ಮತದಾರನಿಗೆ ಮಾಡಿದ ದ್ರೋಹ, ಅದರಲ್ಲಿ ಅನುಮಾನ ಇಲ್ಲ. ಆದರೆ ಕ್ರಿಮಿನಲ್ ಅಪರಾಧ ಅಲ್ಲ. 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿಸಿ, ಪಕ್ಷ ಬಿಟ್ಟರೆ ಅಥವಾ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿದರೆ ಸದಸ್ಯತ್ವ ಹೋಗುತ್ತದೆ ಎಂದು ಮಾಡಿದರು. 2019ರಲ್ಲಿ ನಮ್ಮ ವಿಧಾನಸಭೆಯ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಒಪ್ಪಿತು, ಆದರೆ ಅವಧಿ ಮುಗಿಯುವವರೆಗೆ ಸ್ಪರ್ಧಿಸುವಂತಿಲ್ಲ ಎಂಬ ಭಾಗವನ್ನು ತೆಗೆದುಹಾಕಿತು. ಡಿಸೆಂಬರ್ ಉಪಚುನಾವಣೆಯಲ್ಲಿ ಸ್ಪರ್ಧಿಸಿದ ಹೆಚ್ಚಿನವರನ್ನು ಜನರೇ ಗೆಲ್ಲಿಸಿದರು. ಅಲ್ಲಿಗೆ ಆ ದ್ರೋಹದ ಲೆಕ್ಕ ಚುಕ್ತಾ ಮಾಡಿದವರು ಮತದಾರರು.

ಪಕ್ಷಕ್ಕೆ ನಿಷ್ಠೆ ಎಂಬುದು ಯಾವಾಗಲೂ ಜಗಳದ ವಿಷಯವೇ. 1969ರ ನವೆಂಬರ್ 12ರಂದು ಶಿಸ್ತು ಮುರಿದರು ಎಂದು ಇಂದಿರಾ ಗಾಂಧಿಯವರನ್ನು ಕಾಂಗ್ರೆಸ್‌ನಿಂದ ಉಚ್ಚಾಟಿಸಿದಾಗ ಪಕ್ಷದ ಅಧ್ಯಕ್ಷರಾಗಿದ್ದವರು ನಮ್ಮ ಚಿತ್ರದುರ್ಗದ ನಿಜಲಿಂಗಪ್ಪನವರು. ಪಕ್ಷ ಎರಡಾಯಿತು. ಇಂದಿರಾ ಪ್ರಧಾನಿಯಾಗಿಯೇ ಮುಂದುವರಿದರು. ಪಕ್ಷದ ಮಾತು ಪಕ್ಷದೊಳಗೆ, ಚುನಾವಣೆಯಲ್ಲಿ ತೀರಬೇಕು. ಅದನ್ನು ಪೊಲೀಸ್ ಠಾಣೆಗೆ ತಂದರೆ ಎದುರು ಪಕ್ಷ ಎಂಬುದೇ ಉಳಿಯುವುದಿಲ್ಲ.

ರಾಷ್ಟ್ರಗೀತೆ ಹಾಡದಿದ್ದರೆ ಅಪರಾಧವಾ? (ಹರಿಹರ)

ಗೌರವದಿಂದ ಎದ್ದು ನಿಂತು ಸುಮ್ನೆ ಇದ್ದರೆ ಅಪರಾಧ ಅಲ್ಲ. ಕೇರಳದ ಮೂವರು ಮಕ್ಕಳ ಪ್ರಕರಣದಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ. ಬೇಕೆಂದೇ ಹಾಡಲು ಅಡ್ಡಿ ಮಾಡಿದರೆ, ಬಾವುಟ ಸುಟ್ಟರೆ 1971ರ ಕಾಯ್ದೆಯಡಿ ಮೂರು ವರ್ಷದವರೆಗೆ ಶಿಕ್ಷೆ ಇದೆ.

ಬೇರೆ ದೇಶಗಳಲ್ಲಿ ಇದನ್ನು ಹೇಗೆ ನೋಡುತ್ತಾರೆ? (ಗ್ರಂಥಪಾಲಕರು, ಹೊಸದುರ್ಗ)

ಇಂಗ್ಲೆಂಡಿನಲ್ಲಿ 1351ರ ಕಾಯ್ದೆಯೇ ಮೂಲ. ರಾಜನ ಸಾವನ್ನು ಮನಸ್ಸಿನಲ್ಲಿ ಬಯಸಿದರೂ ದ್ರೋಹ ಎಂದಿತ್ತು ಅದು. ಎಂಟನೇ ಹೆನ್ರಿ ತನ್ನ ಹೆಂಡತಿ ಆನ್ ಬೊಲೀನ್ ಮೇಲೆ ದ್ರೋಹದ ಆರೋಪ ಹೊರಿಸಿ 1536ರಲ್ಲಿ ತಲೆ ಕಡಿಸಿದ. ಅಂಥ ರಾಜರನ್ನು ಕಂಡವರ ಮೊಮ್ಮಕ್ಕಳು ಅಮೆರಿಕದ ಸಂವಿಧಾನ ಬರೆಯುವಾಗ ತುಂಬ ಎಚ್ಚರ ವಹಿಸಿದರು. ಆ ಸಂವಿಧಾನ ಸ್ವತಃ ವ್ಯಾಖ್ಯಾನ ಮಾಡಿರುವ ಅಪರಾಧ ಇದೊಂದೇ. ದೇಶದ ವಿರುದ್ಧ ಯುದ್ಧ ಹೂಡಬೇಕು, ಇಲ್ಲವೇ ಶತ್ರುವಿನ ಕಡೆ ಸೇರಿ ನೆರವು ಕೊಡಬೇಕು. ಅದೂ ಕಣ್ಣಿಗೆ ಕಾಣುವ ಕೃತ್ಯವಾಗಿರಬೇಕು, ಅದೇ ಕೃತ್ಯಕ್ಕೆ ಇಬ್ಬರು ಸಾಕ್ಷಿ ಹೇಳಬೇಕು, ಇಲ್ಲವೇ ಆರೋಪಿ ತೆರೆದ ಕೋರ್ಟಿನಲ್ಲಿ ಒಪ್ಪಿಕೊಳ್ಳಬೇಕು. ಉಪಾಧ್ಯಕ್ಷರಾಗಿದ್ದ ಆರನ್ ಬರ್ 1807ರಲ್ಲಿ ಇದೇ ಕಾರಣಕ್ಕೆ ಬಿಡುಗಡೆಯಾದರು, ಅಧ್ಯಕ್ಷ ಜೆಫರ್ಸನ್‌ಗೆ ಅವರನ್ನು ಶಿಕ್ಷಿಸಬೇಕೆಂದು ಎಷ್ಟೇ ಆಸೆ ಇದ್ದರೂ.

ಪಾಕಿಸ್ತಾನದ ಸಂವಿಧಾನದಲ್ಲಿ ಸಂವಿಧಾನವನ್ನು ಬುಡಮೇಲು ಮಾಡುವುದೇ ಘೋರ ದ್ರೋಹ. 2007ರಲ್ಲಿ ತುರ್ತುಸ್ಥಿತಿ ಹೇರಿದ್ದಕ್ಕೆ ಪರ್ವೇಜ್ ಮುಷರಫ್‌ಗೆ 2019ರಲ್ಲಿ ಮರಣದಂಡನೆ ಆಯಿತು. ಅವರು ದೇಶದ ಹೊರಗಿದ್ದರು, ಶಿಕ್ಷೆ ಜಾರಿಯಾಗಲಿಲ್ಲ. ಆದರೂ ಆ ವಿಚಾರ ನನಗೆ ಮೆಚ್ಚುಗೆ. ಕುರ್ಚಿಯಲ್ಲಿ ಕೂತವನೂ ದ್ರೋಹಿ ಆಗಬಹುದು ಎಂದು ಕಾಗದದ ಮೇಲಾದರೂ ಬರೆದಿದೆ. ನಮಗೆ ಈ ರಾಜದ್ರೋಹದ ಕಾನೂನು ಹೇರಿದ ಬ್ರಿಟನ್ 2009ರಲ್ಲಿ ತನ್ನದನ್ನು ರದ್ದು ಮಾಡಿಕೊಂಡಿತು.

‘ಪಾಕಿಸ್ತಾನಕ್ಕೆ ಹೋಗು’ ಅನ್ನುತ್ತಾರೆ. ಹಾಗೆ ಪೌರತ್ವ ಕಿತ್ತು ಕಳಿಸಬಹುದಾ? (ಹೊಳಲ್ಕೆರೆ)

ಸಾಧ್ಯವಿಲ್ಲ. ಹುಟ್ಟಿನಿಂದ ಪೌರತ್ವ ಬಂದವರಿಂದ ಅದನ್ನು ಕಿತ್ತುಕೊಳ್ಳಲು 1955ರ ಪೌರತ್ವ ಕಾಯ್ದೆಯ 10ನೇ ಸೆಕ್ಷನ್ ಸರ್ಕಾರಕ್ಕೆ ಅಧಿಕಾರ ಕೊಟ್ಟಿಲ್ಲ. ನೀವಾಗಿಯೇ ಬಿಟ್ಟುಕೊಟ್ಟರೆ ಅಥವಾ ನೀವಾಗಿಯೇ ಬೇರೆ ದೇಶದ ಪೌರತ್ವ ತೆಗೆದುಕೊಂಡರೆ ಮಾತ್ರ ಇಲ್ಲಿಯದು ಹೋಗುತ್ತದೆ. ಯುದ್ಧ ಹೂಡಿದ ಅಪರಾಧಕ್ಕೂ ನಮ್ಮ ಕಾನೂನಿನಲ್ಲಿ ಗಡಿಪಾರು ಎಂಬ ಶಿಕ್ಷೆ ಈಗ ಇಲ್ಲ. ನೀವು ಹುಟ್ಟಿದ್ದು ಹೊಳಲ್ಕೆರೆಯಲ್ಲಿ, ನಿಮ್ಮ ಅಜ್ಜನ ಗೋರಿ ಅಲ್ಲಿದೆ ಎಂದು ಬರೆದಿದ್ದೀರಿ. ಆ ಮಾತು ಆಡಿದವರಿಗೆ ಈ ನೆಲದ ಮೇಲೆ ಎಷ್ಟು ಹಕ್ಕಿದೆಯೋ ನಿಮಗೂ ಅಷ್ಟೇ ಇದೆ, ಒಂದು ಕೂದಲೆಳೆಯೂ ಕಡಿಮೆ ಇಲ್ಲ.

ಕ್ರಿಕೆಟ್ ಮ್ಯಾಚಿನ ದಿನ ಮಗ ಎದುರು ತಂಡವನ್ನು ಹೊಗಳಿ ಸ್ಟೇಟಸ್ ಹಾಕಿದ. ಯಾರೋ ಸ್ಕ್ರೀನ್‌ಶಾಟ್ ತೆಗೆದು ಹರಿಬಿಟ್ಟಿದ್ದಾರೆ. ಠಾಣೆಯಿಂದ ಫೋನ್ ಬಂದಿದೆ, ಕಾಲೇಜಿನವರು ಪರೀಕ್ಷೆಗೆ ಕೂರಿಸಲ್ಲ ಅನ್ನುತ್ತಿದ್ದಾರೆ. ರಾತ್ರಿ ನಿದ್ದೆ ಇಲ್ಲ. (ತಾಯಿ, ದಾವಣಗೆರೆ)

ಅಮ್ಮಾ, ಮೊದಲು ಧೈರ್ಯ ತಂದುಕೊಳ್ಳಿ. ಇಂದಿರಾ ಗಾಂಧಿಯವರ ಹತ್ಯೆಯಾದ 1984ರ ಅಕ್ಟೋಬರ್ 31ರಂದೇ ಚಂಡೀಗಢದಲ್ಲಿ ಇಬ್ಬರು ಖಲಿಸ್ತಾನದ ಪರ ಘೋಷಣೆ ಕೂಗಿದ್ದರು. ಅಂಥ ದಿನ, ಅಂಥ ಘೋಷಣೆ. ಆದರೂ 1995ರಲ್ಲಿ ಬಲವಂತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಇಬ್ಬರು ಕೆಲವು ಸಲ ಕೂಗಿದರು, ಅದರಿಂದ ಏನೂ ಗಲಭೆ ಆಗಲಿಲ್ಲ, ಹಾಗಾಗಿ ರಾಜದ್ರೋಹ ಅಲ್ಲ ಎಂದಿತು. ನಿಮ್ಮ ಮಗ ಹೊಗಳಿದ್ದು ಬ್ಯಾಟಿಂಗನ್ನು. 2025ರ ಮಾರ್ಚ್‌ನಲ್ಲಿ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ಅದೇ ಕೋರ್ಟ್, ಒಂದು ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕ ಇರುವ ಜನರ ಅಳತೆಯಲ್ಲಿ ನೋಡಬೇಕು, ಎಲ್ಲದಕ್ಕೂ ಬೆಚ್ಚುವವರ ಅಳತೆಯಲ್ಲಿ ಅಲ್ಲ ಎಂದೂ ಹೇಳಿದೆ.

ಈಗ ಮಾಡಬೇಕಾದದ್ದು. ಮಗನನ್ನು ಒಬ್ಬನೇ ಠಾಣೆಗೆ ಕಳಿಸಬೇಡಿ, ವಕೀಲರ ಜೊತೆ ಹೋಗಲಿ. ಸ್ಟೇಟಸ್‌ನ ಪೂರ್ತಿ ಪಠ್ಯ, ಹಾಕಿದ ಸಮಯ ಎಲ್ಲ ಉಳಿಸಿಡಿ, ಹೆದರಿ ಫೋನ್ ಅಳಿಸಬೇಡಿ, ಅದನ್ನೇ ಸಾಕ್ಷ್ಯ ನಾಶ ಅಂದಾರು. ತನ್ನ ವಿರುದ್ಧವೇ ಸಾಕ್ಷಿ ಹೇಳುವಂತೆ ಅವನನ್ನು ಬಲವಂತ ಮಾಡುವಂತಿಲ್ಲ. ಖಾಲಿ ಕಾಗದಕ್ಕೆ ಸಹಿ ಬೇಡವೇ ಬೇಡ. ಒಂದು ವೇಳೆ ಬಂಧಿಸಿದರೆ ಕಾರಣ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಬರೆದಿದ್ದೀರಿ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇದೆ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಕೇಳದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಕಾಲೇಜಿನವರು ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಒಪ್ಪಬೇಡಿ. ಪರೀಕ್ಷೆಗೆ ಯಾಕೆ ಕೂರಿಸುವುದಿಲ್ಲ ಎಂದು ಬರವಣಿಗೆಯಲ್ಲಿ ಕೊಡಿ ಅಂತ ಅರ್ಜಿ ಕೊಡಿ, ಅದರ ನಕಲಿಗೆ ಸೀಲು ಹಾಕಿಸಿಕೊಳ್ಳಿ. ಕೊಟ್ಟರೂ, ಕೊಡದಿದ್ದರೂ ಆ ಕಾಗದ ಹಿಡಿದು ಬೆಂಗಳೂರಿನ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ ಹಾಕಬಹುದು. ಪರೀಕ್ಷೆ ಹತ್ತಿರ ಇದ್ದರೆ ಅಂಥ ಅರ್ಜಿಯನ್ನು ತುರ್ತಾಗಿ ತೆಗೆದುಕೊಳ್ಳುವಂತೆ ಕೇಳಿಕೊಳ್ಳಲು ಅವಕಾಶ ಇದೆ. ಹಾಗಾಗಿ ಹಾಲ್ ಟಿಕೆಟ್ ಕೊಡುವ ದಿನದವರೆಗೆ ಕಾಯಬೇಡಿ, ನಾಳೆ ಬೆಳಗ್ಗೆಯೇ ಆ ಅರ್ಜಿ ಕೊಟ್ಟುಬನ್ನಿ.